ಜನಸಂದಣಿಯ ಆಚೆ: ಇಸಬೆಲ್ಲಾ ಬರ್ಡಳ ಜಪಾನು ಪ್ರವಾಸ

"ದೇಶ ಸುತ್ತು, ಕೋಶ ಓದು" ಎಂಬ ಗಾದೆಯನ್ನು ನಾವೆಲ್ಲರೂ ಬಾಲ್ಯದಿಂದ ಕೇಳುತ್ತ ಬಂದಿದ್ದೇವೆ. ಕೋಶವನ್ನು ಓದುವ ಕ್ರಮವನ್ನು ಗುರುಗಳು ಕಲಿಸುತ್ತಾರೆ. ದೇಶವನ್ನು ಸುತ್ತುವ ಕ್ರಮವನ್ನು ಮಾತ್ರ ಯಾರೂ ಕಲಿಸುವುದಿಲ್ಲ. ಹತ್ತು ಜನರೊಡನೆ ಹೋಗಿ, ಹತ್ತು ಜನ ನೋಡಿದ್ದನ್ನೇ ನೋಡಿ, ಹತ್ತು ಜನ ಆಡಿದ ಮಾತನ್ನೇ ಮನೆಗೆ ಹೊತ್ತು ತಂದವನೂ ದೇಶ ಸುತ್ತಿದವನೆಂದೇ ಎಣಿಸಲ್ಪಡುತ್ತಾನೆ. ಆದರೆ ಒಬ್ಬಂಟಿಯಾಗಿ, ಸಾವಕಾಶವಾಗಿ, ಇತರರು ಬಳಸದ ಹಾದಿಯನ್ನು ಹಿಡಿದು ಹೋದವನಿಗೆ ಕಾಣುವ ದೇಶವೇ ಬೇರೆ. ಹಾಗೆ ಹೋದವರಲ್ಲಿ ಒಬ್ಬಳಾದ ಇಸಬೆಲ್ಲಾ ಬರ್ಡ್ ಎಂಬ ಆಂಗ್ಲ ಮಹಿಳೆಯು 1878ರಲ್ಲಿ ಜಪಾನಿನ ಒಳನಾಡಿನಲ್ಲಿ ಕೈಗೊಂಡ ಪ್ರವಾಸವನ್ನು ವಾಚಕರ ಮುಂದಿಟ್ಟು, ಅದರಿಂದ ತಿಳಿಯತಕ್ಕ ಒಂದೆರಡು ಸಂಗತಿಗಳನ್ನು ಪರ್ಯಾಲೋಚಿಸುವುದು ಪ್ರಕೃತ ಲೇಖನದ ಉದ್ದೇಶ.

ಮೊದಲು ಆ ಕಾಲದ ಸ್ಥಿತಿಯನ್ನು ಸ್ವಲ್ಪ ತಿಳಿಯಬೇಕು. ಗುಂಪು ಕಟ್ಟಿಕೊಂಡು ವಿನೋದಕ್ಕಾಗಿ ಸಂಚರಿಸುವ ಪದ್ಧತಿಯು ಇಂಗ್ಲೆಂಡಿನಲ್ಲಿ ವ್ಯವಸ್ಥಿತ ರೂಪವನ್ನು ತಾಳಿದ್ದು 19ನೆಯ ಶತಮಾನದ ಮಧ್ಯಭಾಗದಲ್ಲಿ. 1841ರ ಜುಲೈ 5ರಂದು ಥಾಮಸ್ ಕುಕ್ ಎಂಬ ಮರಗೆಲಸದ ಮನುಷ್ಯನು ಸುಮಾರು 500 ಜನರನ್ನು ಲೆಸ್ಟರ್ ನಗರದಿಂದ ಲಫ್‌ಬರೊ ಎಂಬ ಊರಿಗೆ ಮದ್ಯಪಾನ ವಿರೋಧಿಗಳ ಸಭೆಗಾಗಿ ರೈಲಿನಲ್ಲಿ ಕರೆದೊಯ್ದನು. ತಲೆಗೆ ಒಂದು ಷಿಲ್ಲಿಂಗು ದರ. ಈ ಸಣ್ಣ ಆರಂಭವು ಬೆಳೆದು ದೊಡ್ಡ ವ್ಯಾಪಾರವಾಯಿತು. 1869ರಲ್ಲಿ ಸೂಯೆಜ್ ಕಾಲುವೆ ತೆರೆಯಿತು. ಅದೇ ವರ್ಷ ಅಮೆರಿಕ ಖಂಡವನ್ನು ಅಡ್ಡಹಾಯುವ ರೈಲುಮಾರ್ಗವೂ ಪೂರ್ತಿಯಾಯಿತು. 1872ರಲ್ಲಿ ಕುಕ್ಕನು ಒಂದು ಸಣ್ಣ ತಂಡವನ್ನು ಭೂಪ್ರದಕ್ಷಿಣೆಗೇ ಹೊರಡಿಸಿದನು. ಆ ತಂಡವು ಜಪಾನನ್ನೂ ನಮ್ಮ ಭಾರತವನ್ನೂ ಹಾಯ್ದು 222 ದಿನಗಳಲ್ಲಿ ಊರಿಗೆ ಮರಳಿತು. ಹಿಂದೆ ಸಾಹಸಿಗೆ ಮಾತ್ರ ಸಾಧ್ಯವಾಗಿದ್ದ ಲೋಕಸಂಚಾರವು ಹೀಗೆ ಹಣವುಳ್ಳ ಗೃಹಸ್ಥನಿಗೂ ಎಟುಕಿತು. ಇದು ಒಳ್ಳೆಯದೇ; ಅದನ್ನು ಹಳಿಯುವುದಕ್ಕೆ ಕಾರಣವಿಲ್ಲ. ಆದರೆ ದಾರಿಯು ಸುಗಮವಾದಷ್ಟೂ ಎಲ್ಲರೂ ಒಂದೇ ದಾರಿಯಲ್ಲಿ ಹೋಗತೊಡಗುತ್ತಾರೆ. ರೇವುಪಟ್ಟಣ, ವಿಲಾಯತಿ ಹೋಟೆಲು, ಪ್ರಸಿದ್ಧವಾದ ಎರಡು ದೇವಾಲಯ, ಅಂಗಡಿಬೀದಿ - ಇಷ್ಟನ್ನು ಕಂಡು ಒಂದು ದೇಶವನ್ನು ಕಂಡೆವೆಂದು ಹೇಳುವ ಅಭ್ಯಾಸವು ಆಗಲೇ ತಲೆದೋರಿತು.

ಇಸಬೆಲ್ಲಾ ಬರ್ಡ್ ಹುಟ್ಟಿದುದು 1831ರಲ್ಲಿ, ಯಾರ್ಕ್‌ಷೈರ್ ಪ್ರಾಂತದಲ್ಲಿ, ತಂದೆ ಪಾದ್ರಿ. ಚಿಕ್ಕಂದಿನಿಂದಲೂ ಆಕೆಗೆ ಬೆನ್ನುಮೂಳೆಯ ವ್ಯಾಧಿಯಿದ್ದು, ಯೌವನದಲ್ಲಿ ಅದಕ್ಕಾಗಿ ಶಸ್ತ್ರಚಿಕಿತ್ಸೆಯೂ ಆಗಿದ್ದಿತು. ಸಮುದ್ರಯಾನದಿಂದ ದೇಹಕ್ಕೆ ಹಿತವಾದೀತೆಂದು ವೈದ್ಯರು ಸೂಚಿಸಿದ್ದರಿಂದ 1854ರಲ್ಲಿ ಆಕೆ ಅಮೆರಿಕಕ್ಕೆ ಹೋದಳು. ತಂದೆತಾಯಿಗಳು ತೀರಿಕೊಂಡ ತರುವಾಯ, ನಲವತ್ತನ್ನು ದಾಟಿದ ಮೇಲೆ, 1872ರಲ್ಲಿ ಮತ್ತೆ ಹೊರಟು ಆಸ್ಟ್ರೇಲಿಯಾ, ಹವಾಯಿ ದ್ವೀಪಗಳು, ಅಮೆರಿಕದ ರಾಕಿ ಪರ್ವತ ಪ್ರದೇಶ - ಇವುಗಳಲ್ಲಿ ಸಂಚರಿಸಿದಳು. ಮನೆಯಲ್ಲಿದ್ದಾಗ ಹಾಸಿಗೆ ಹಿಡಿಯುತ್ತಿದ್ದವಳು ದಾರಿಯಲ್ಲಿದ್ದಾಗ ಕುದುರೆಯೇರಿ ಹಿಮದಲ್ಲಿ ಸವಾರಿಮಾಡುತ್ತಿದ್ದಳೆಂಬುದು ಆಕೆಯ ಬಾಳಿನ ವಿಚಿತ್ರ. ಆದರೂ ಬೆನ್ನಿನ ನೋವು ಪೂರ್ತಿಯಾಗಿ ಬಿಟ್ಟದ್ದಿಲ್ಲ. ಆದುದರಿಂದ ಆಕೆಯ ಮಂದಗತಿಯು ಅರ್ಧ ಆಯ್ಕೆ, ಅರ್ಧ ಅನಿವಾರ್ಯ.

1878ರ ಮೇ ತಿಂಗಳಲ್ಲಿ ಆಕೆ ಯೊಕೊಹಾಮ ರೇವಿನಲ್ಲಿ ಇಳಿದಾಗ ವಯಸ್ಸು 46. ಜಪಾನಿನ ಪಾಲಿಗೆ ಅದು ಕಲಕಿದ ಕಾಲ. ಹಳೆಯ ಪಾಳೆಯಗಾರಿಕೆಯ ಸಂಸ್ಥಾನಗಳು 1871ರಲ್ಲಿ ರದ್ದಾಗಿದ್ದವು. 1877ರ ಸತ್ಸುಮ ದಂಗೆಯು ಅಡಗಿ ವರ್ಷವೂ ತುಂಬಿರಲಿಲ್ಲ. ಆಕೆ ಬರುವ ಕೆಲವೇ ದಿನಗಳ ಮುಂಚೆ, ಮೇ 14ರಂದು, ಮುಖ್ಯ ಮಂತ್ರಿಗಳಲ್ಲಿ ಒಬ್ಬನಾದ ಓಕುಬೊ ತೊಷಿಮಿಚಿಯು ಟೋಕಿಯೊ ನಗರದಲ್ಲಿ ಕೊಲೆಯಾಗಿದ್ದನು. ಕೌಲಿನ ನಿಬಂಧನೆಯಂತೆ ಪರದೇಶೀಯರು ಕೆಲವು ರೇವುಪಟ್ಟಣಗಳಲ್ಲಿ ಮಾತ್ರ ವಾಸಿಸಬಹುದಾಗಿತ್ತು. ಅಲ್ಲಿಂದ ಸುಮಾರು 25 ಮೈಲಿಯ ಆಚೆ ಹೋಗಬೇಕಾದರೆ ರಹದಾರಿ ಬೇಕು, ರಹದಾರಿಯಲ್ಲಿ ಮಾರ್ಗದ ನಿರ್ದೇಶವೂ ಬೇಕು. ಬ್ರಿಟಿಷ್ ರಾಯಭಾರಿ ಸರ್ ಹ್ಯಾರಿ ಪಾರ್ಕ್ಸ್ ಆಕೆಗಾಗಿ, ಟೋಕಿಯೊದಿಂದ ಉತ್ತರಕ್ಕೆ ಮಾರ್ಗವನ್ನು ಗೊತ್ತುಪಡಿಸದ ರಹದಾರಿಯೊಂದನ್ನು ದೊರಕಿಸಿಕೊಟ್ಟನು. ಊರಲ್ಲಿದ್ದ ಯೂರೋಪಿಯನರು ಹೇಳಿದ ಬುದ್ಧಿವಾದಕ್ಕೆ ಲೆಕ್ಕವಿಲ್ಲ. ಅವರಲ್ಲಿ ಹೆಚ್ಚಿನವರು ಆ ಕಡೆಗೆ ಹೋದವರೇ ಅಲ್ಲ.

ಭಾಷೆ ಬಾರದವಳಿಗೆ ದುಭಾಷಿಯು ಅವಶ್ಯ. ಬಂದ ಉಮೇದುವಾರರಲ್ಲಿ ಶಿಫಾರಸು ಪತ್ರವೇ ಇಲ್ಲದ ಇಟೊ ಎಂಬ ಹುಡುಗನನ್ನು ಆಕೆ ತಿಂಗಳಿಗೆ 12 ಡಾಲರು ಸಂಬಳದ ಮೇಲೆ ಗೊತ್ತುಮಾಡಿಕೊಂಡಳು. ತನ್ನ ವಯಸ್ಸು 18 ಎಂದು ಅವನು ಹೇಳಿಕೊಂಡಿದ್ದನು. ಗಂಟುಮೂಟೆಯನ್ನು 110 ಪೌಂಡಿಗೆ ಇಳಿಸಿದಳು. ಅದರ ಮೇಲೆ ಕೂರುವ ಇಟೊವಿನ ತೂಕ 90 ಪೌಂಡು. ಎರಡೂ ಸೇರಿ ಒಂದು ಕುದುರೆಗೆ ಸರಿಯಾದ ಹೊರೆ. ಮಡಿಸುವ ಮಂಚ, ರಬ್ಬರಿನ ಸ್ನಾನದ ತೊಟ್ಟಿ, ಸ್ವಂತ ಜೀನು, ಒಂದು ಭೂಪಟ, ಒಂದು ನಿಘಂಟು - ಇವು ಆಕೆಯ ಸಂಪತ್ತು.

ಜೂನ್ 10ರಂದು ಮೂರು ರಿಕ್ಷಾಗಳಲ್ಲಿ ಟೋಕಿಯೊವನ್ನು ಬಿಟ್ಟು ಕಸುಕಾಬೆ ಎಂಬ ಊರಿನಲ್ಲಿ ಮೊದಲ ರಾತ್ರಿಯ ಬಿಡಾರ. ಆ ರಾತ್ರಿಯ ವೃತ್ತಾಂತವು ಓದತಕ್ಕದ್ದು. ಕೋಣೆಗೆ ಗೋಡೆಯಿಲ್ಲ, ಕಾಗದದ ತಡಿಕೆಗಳು, ತಡಿಕೆಯ ತೂತುಗಳಲ್ಲೆಲ್ಲ ಕಣ್ಣುಗಳು, ಅಕ್ಕಪಕ್ಕದಲ್ಲಿ ತಂತಿವಾದ್ಯ, ಗದ್ದಲ, ಸೊಳ್ಳೆ, ಚಿಗಟ, ಮಂಚದ ಕ್ಯಾನ್ವಾಸು ಮೊಳೆಯಿಂದ ಕಿತ್ತುಬಂದು ಮಗ್ಗುಲಾದರೆ ಪೂರ್ತಿ ಕುಸಿಯುವ ಭಯ. ಬಾಗಿಲಿಗೆ ಅಗುಳಿಯಿಲ್ಲ, ಕೈಯಲ್ಲಿ ಹಣವಿದೆ, ಮಾತು ತಿಳಿಯದು. ಪ್ರವಾಸವನ್ನೇ ಬಿಟ್ಟು ಹಿಂತಿರುಗಿಬಿಡೋಣವೆಂಬಷ್ಟು ಅಧೈರ್ಯವಾಯಿತೆಂದು ಆಕೆ ಮುಚ್ಚುಮರೆಯಿಲ್ಲದೆ ಬರೆದಿರುವಳು. ಗ್ರಂಥವು ಅಚ್ಚಾಗುವಾಗ ಆ ಮಾತನ್ನು ತೆಗೆದುಹಾಕುವುದು ಕಷ್ಟವಾಗಿರಲಿಲ್ಲ. ಧೀರೆಯೆಂಬ ಹೆಸರಿಗೆ ಅದೇ ಅನುಕೂಲವೂ ಆಗಿತ್ತು. ಆದರೆ ಆಕೆ ಅದನ್ನು ಹಾಗೆಯೇ ಉಳಿಸಿ, ಪುಟದ ಕೆಳಗೆ ಒಂದು ಟಿಪ್ಪಣಿಯನ್ನು ಸೇರಿಸಿದಳು: ಆ ಭಯಕ್ಕೆ ಆಧಾರವೇ ಇರಲಿಲ್ಲ, ತರುವಾಯ ತಾನು ಒಳನಾಡಿನಲ್ಲಿ 1200 ಮೈಲಿ ನಿರ್ಭಯವಾಗಿ ಸಂಚರಿಸಿದೆನು, ಹೆಂಗಸೊಬ್ಬಳು ಅಪಾಯವಾಗಲಿ ಅವಮರ್ಯಾದೆಯಾಗಲಿ ಇಲ್ಲದೆ ಇಷ್ಟು ಕ್ಷೇಮವಾಗಿ ಸಂಚರಿಸಬಲ್ಲ ದೇಶವು ಇನ್ನೊಂದಿಲ್ಲವೆಂದು ತನ್ನ ನಂಬಿಕೆ, ಎಂಬುದು ಆ ಟಿಪ್ಪಣಿಯ ಸಾರಾಂಶ. ಮೊದಲ ದಿನದ ತಪ್ಪು ತಿಳಿವಳಿಕೆಯೂ, ನೂರು ದಿನದ ಅನುಭವದಿಂದ ಬಂದ ತಿದ್ದುಪಡಿಯೂ ಒಂದೇ ಪುಟದಲ್ಲಿ ನಿಂತಿವೆ. ಅವಸರದ ಪ್ರಯಾಣಿಕನಿಗೆ ಈ ಎರಡನೆಯದಕ್ಕೆ ವ್ಯವಧಾನವಿರುವುದಿಲ್ಲ. ಅವನು ಮೊದಲ ರಾತ್ರಿಯ ಅಭಿಪ್ರಾಯವನ್ನೇ ಊರಿಗೆ ಕೊಂಡುಹೋಗುತ್ತಾನೆ.

ನಿಕ್ಕೊ ಎಂಬ ಪುಣ್ಯಕ್ಷೇತ್ರದವರೆಗೆ ಪರದೇಶೀಯರು ಹೋಗಿಬರುವುದುಂಟು. ಬರ್ಡಳು ಅಲ್ಲಿ ಕನಾಯಾ ಎಂಬ ಗೃಹಸ್ಥನ ಮನೆಯಲ್ಲಿ ಕೆಲವು ದಿನ ತಂಗಿ, ದೇಗುಲಗಳನ್ನು ಕಂಡಳು. ಹತ್ತಿರದ ಹಳ್ಳಿಯ ಮಕ್ಕಳು ಶಾಲೆಗೆ ಹೋಗುವುದನ್ನೂ ಪಾಠ ಒಪ್ಪಿಸುವುದನ್ನೂ ಅಷ್ಟೇ ಶ್ರದ್ಧೆಯಿಂದ ಕಂಡಳು. ಸಾರ್ವಜನಿಕ ವಿದ್ಯಾಭ್ಯಾಸದ ಶಾಸನವು ಆ ದೇಶದಲ್ಲಿ ಜಾರಿಗೆ ಬಂದುದು 1872ರಲ್ಲಿ. ಅದು ಆರು ವರ್ಷಗಳಲ್ಲಿ ಒಂದು ಬೆಟ್ಟದ ಹಳ್ಳಿಯನ್ನು ಹೇಗೆ ಮುಟ್ಟಿತ್ತೆಂಬುದಕ್ಕೆ ಈ ಬರೆಹವೇ ಸಾಕ್ಷಿ. ನಿಕ್ಕೊ ದಾಟಿದ ಮೇಲೆ ಹೆದ್ದಾರಿಯಿಲ್ಲ, ಹೊರೆಗುದುರೆಯ ಕಾಲುದಾರಿ. ಬೆಟ್ಟದ ನಡುವಣ ಹಳ್ಳಿಗಳಲ್ಲಿ ಕಂಡದ್ದು ಕಡುಬಡತನ: ಮೈಮೇಲೆ ಬಟ್ಟೆಯಿಲ್ಲದ ಜನ, ಕಜ್ಜಿ ಹಿಡಿದ ಮಕ್ಕಳು, ಹೊಗೆತುಂಬಿದ ಗುಡಿಸಲು. ಅಲ್ಲಿಂದ ನದಿಯ ದೋಣಿಯಲ್ಲಿ ಪಶ್ಚಿಮ ತೀರದ ನೀಗತ ಪಟ್ಟಣಕ್ಕೆ ಇಳಿದು, ಮತ್ತೆ ಒಳನಾಡನ್ನು ಹೊಕ್ಕಾಗ ಯೊನೆಜಾವದ ಬಯಲು ಎದುರಾಯಿತು. ಅಲ್ಲಿ ಒಂದಂಗುಲ ನೆಲವೂ ಹಾಳು ಬಿದ್ದಿಲ್ಲ, ಉಳುವವನೇ ನೆಲದೊಡೆಯ, ನಂದನವನವೆಂದೇ ಆಕೆ ಹೊಗಳಿರುವಳು. ಯೊಕೊಹಾಮದ ಹೋಟೆಲಿನಲ್ಲಿ ಕುಳಿತವರಿಗೆ ಜಪಾನೆಲ್ಲವೂ ಒಂದೇ. ಆ ಬಡತನವೂ ಈ ಸಮೃದ್ಧಿಯೂ ಕೆಲವು ದಿನಗಳ ದಾರಿಯ ಅಂತರದಲ್ಲಿವೆಯೆಂಬುದು ಕುದುರೆಯ ಹೆಜ್ಜೆಯಲ್ಲಿ ಹೋದವಳಿಗೆ ಮಾತ್ರ ತಿಳಿಯಿತು.

ಈ ದಾರಿಯಲ್ಲಿ ನಡೆದ ಎರಡು ಸಣ್ಣ ಘಟನೆಗಳನ್ನು ಹೇಳಬೇಕು. ಒಂದು ಸಂಜೆ ಬಿಡಾರಕ್ಕೆ ಸೇರಿದ ಮೇಲೆ ಸಾಮಾನಿನ ತೊಗಲ ಪಟ್ಟಿಯೊಂದು ಕಾಣಲಿಲ್ಲ. ಕತ್ತಲಾಗಿದ್ದರೂ ಕುದುರೆ ಹೊಡೆಯುವವನು ಒಂದು ರೀ, ಎಂದರೆ ಎರಡೂವರೆ ಮೈಲಿಯಷ್ಟು, ಹಿಂದಕ್ಕೆ ಹೋಗಿ ಅದನ್ನು ಹುಡುಕಿ ತಂದನು. ಇನಾಮು ಕೊಡಹೋದರೆ ಬೇಡವೆಂದನು. ಒಪ್ಪಿಸಿಕೊಂಡದ್ದೆಲ್ಲವನ್ನೂ ಸರಿಯಾಗಿ ತಲಪಿಸುವುದು ತನ್ನ ಹೊಣೆಯೆಂದನು. ಇನ್ನೊಂದು, ತೆನೊಕೊ ಎಂಬ ಊರಿನಲ್ಲಿ ನಡೆದುದು. ಬಿಸಿಲಿನಿಂದ ಬಳಲಿ ಚಹದ ಮನೆಯೊಂದರಲ್ಲಿ ಕುಳಿತವಳಿಗೆ ಆ ಮನೆಯ ಹೆಂಗಸರು ಬಹಳ ಹೊತ್ತು ಬೀಸಣಿಗೆಯಿಂದ ಗಾಳಿ ಹಾಕಿದರು. ಹೊರಡುವಾಗ ಹಣ ಕೊಡಹೋದರೆ ಆ ಮನೆಯವರು ಏನನ್ನೂ ಪಡೆಯಲೊಪ್ಪಲಿಲ್ಲ. ಅಷ್ಟೇ ಅಲ್ಲ, ಮಿಠಾಯಿಯ ಪೊಟ್ಟಣವನ್ನೂ ಕೈಗಿತ್ತರು. ಅರವಟ್ಟಿಗೆಯ ಧರ್ಮವನ್ನು ಬಲ್ಲ ನಮ್ಮವರಿಗೆ ಈ ನಡತೆಯು ಅಪರಿಚಿತವೆನಿಸದು. ಗುಂಪಿನಲ್ಲಿ ಬಂದವರಿಗೆ ಇದು ಕಣ್ಣಿಗೆ ಬೀಳುವುದೂ ಇಲ್ಲ; ಅವರ ಲೆಕ್ಕವನ್ನು ಅವರ ಮುಖಂಡನು ಮೊದಲೇ ತೀರಿಸಿರುತ್ತಾನೆ.

ಆ ವರ್ಷ ಮಳೆಯು ಅಸಾಧಾರಣವಾಗಿತ್ತು. ನದಿಗಳು ಉಕ್ಕಿ ಸೇತುವೆಗಳು ಕೊಚ್ಚಿಹೋದುವು. ಇಕಾರಿಗಸೆಕಿ ಎಂಬ ಸಣ್ಣ ಊರಿನಲ್ಲಿ ದಾರಿ ಕಟ್ಟಿ ಆಕೆ ಕೆಲವು ದಿನ ನಿಲ್ಲಬೇಕಾಯಿತು. ಗೊತ್ತಾದ ದಿನಕ್ಕೆ ಗೊತ್ತಾದ ಹಡಗನ್ನು ಹಿಡಿಯಬೇಕಾದವನಿಗೆ ಇದು ದುರದೃಷ್ಟ; ಬರ್ಡಳಿಗೆ ಇದೇ ಲಾಭವಾಯಿತು. ಆ ಊರಿನ ಮಕ್ಕಳು ಗಾಳಿಪಟ ಹಾರಿಸುವ ಬಗೆ, ಅವರ ಆಟಪಾಟ, ಹಿರಿಯರು ಮಕ್ಕಳನ್ನು ನಡೆಸಿಕೊಳ್ಳುವ ರೀತಿ - ಇವನ್ನೆಲ್ಲ ಕುಳಿತು ನೋಡಿ ಬರೆದಳು. ಮುಂದೆ ಕುರೊಯಿಶಿಯಲ್ಲಿ ದೀಪೋತ್ಸವದ ಮೆರವಣಿಗೆ. ಆ ರಾತ್ರಿ ಆಕೆ ಟೋಪಿಯನ್ನು ತೆಗೆದಿಟ್ಟು, ಜಪಾನೀ ಹೆಂಗಸರ ಉಡುಪನ್ನು ಧರಿಸಿ, ಯಾರ ಗುರುತಿಗೂ ಸಿಕ್ಕದೆ ಬೀದಿಯಲ್ಲಿ ನಡೆದು ಬಣ್ಣಬಣ್ಣದ ದೊಡ್ಡ ಲಾಂದ್ರಗಳ ಸಾಲನ್ನು ಕಣ್ತುಂಬ ನೋಡಿದಳು.

ವೇಷ ಮರೆಸಿಕೊಳ್ಳಬೇಕಾದ ಕಾರಣವೇನು? ಜನರ ಗುಂಪನ್ನು ತಪ್ಪಿಸಿಕೊಂಡು ಹೊರಟವಳೇ ಹಳ್ಳಿಹಳ್ಳಿಯಲ್ಲಿ ಗುಂಪಿಗೆ ಕಾರಣಳಾಗಿದ್ದಳು! ಪರದೇಶದ ಹೆಂಗಸನ್ನು ಎಂದೂ ಕಾಣದ ಜನ ನೂರುಗಟ್ಟಲೆ, ಕೆಲವೆಡೆ ಸಾವಿರಗಟ್ಟಲೆ ನೆರೆದು, ಮಾತಾಡದೆ ನೋಡುತ್ತ ನಿಲ್ಲುತ್ತಿದ್ದರು. ಬಾಂಗೆ ಎಂಬ ಊರಿನಲ್ಲಿ ಆಕೆ ಜೀನಿನ ಚೀಲದಿಂದ ದೂರದರ್ಶಕವನ್ನು ಹೊರತೆಗೆದಾಗ ಜನರೆಲ್ಲ ಚೀರಿಕೊಂಡು ಬಿದ್ದೆದ್ದು ಓಡಿದರು. ಪಿಸ್ತೂಲನ್ನು ತೆಗೆದಳೆಂದು ಅವರು ಭಾವಿಸಿದರೆಂದು ಇಟೊ ತಿಳಿಸಿದನು. ಅಷ್ಟು ಸಾಧುಗಳಾದ ಜನರನ್ನು ಹೆದರಿಸಿದೆನಲ್ಲಾ ಎಂದು ಆಕೆ ನೊಂದುಕೊಂಡು, ಅದು ಇಂಥ ಉಪಕರಣವೆಂದು ಅವರಿಗೆ ತಿಳಿಸಹೇಳಿದಳು. ಕಸುಕಾಬೆಯಲ್ಲಿ ಆಕೆ ಜನರಿಗೆ ಅಂಜಿದ್ದಳು. ಇಲ್ಲಿ ಜನರು ಆಕೆಗೆ ಅಂಜಿದರು. ಎರಡು ಭಯವೂ ಒಂದೇ ಬೇರಿನವು. ನೋಡಬಂದವನು ತಾನೂ ನೋಟಕ್ಕೆ ಗುರಿಯಾದಾಗಲೇ ಪರದೇಶವೆಂಬುದು ಪ್ರದರ್ಶನವಲ್ಲ, ಅನ್ಯರ ಮನೆ, ಎಂಬ ಅರಿವು ಹುಟ್ಟುತ್ತದೆ.

ಇಲ್ಲಿಯವರೆಗಿನದು ಪ್ರಶಂಸೆ. ಆದರೆ ಇತಿಹಾಸಕಾರನು ಒಂದು ಪಕ್ಷದ ಮಾತನ್ನೇ ಹೇಳಿ ಮುಗಿಸತಕ್ಕದ್ದಲ್ಲ. ಆಗಸ್ಟಿನಲ್ಲಿ ಕಡಲನ್ನು ದಾಟಿ ಆಕೆ ಹೊಕ್ಕೈದೊ ದ್ವೀಪವನ್ನು ಸೇರಿ, ಅಲ್ಲಿಯ ಮೂಲನಿವಾಸಿಗಳಾದ ಐನು ಜನರ ಬಿರಾತೊರಿ ಎಂಬ ಹಳ್ಳಿಯಲ್ಲಿ ಕೆಲವು ದಿನ ನಿಂತಳು. ಊರ ಮುಖ್ಯಸ್ಥನಾದ ಪೆನ್ರಿಯ ಮನೆಯಲ್ಲೇ ಬಿಡಾರ. ಇಷ್ಟು ದೂರ ನಿಷ್ಠೆಯಿಂದ ಸೇವೆಮಾಡಿದ ಇಟೊ ಇಲ್ಲಿ ಐನುಗಳನ್ನು ಮನುಷ್ಯರೆಂದೇ ಎಣಿಸದೆ ನಾಯಿಗಳೆಂದನು. ಅವರೊಡನೆ ಸಭ್ಯತೆಯಿಂದ ನಡೆದುಕೊಳ್ಳಬೇಕೆಂದು ಬರ್ಡಳು ಅವನನ್ನು ಗದರಬೇಕಾಯಿತು. ಆದರೆ ಗದರಿದವಳೂ ನಿರ್ದೋಷಿಯಲ್ಲ. ತನ್ನ ಗ್ರಂಥದಲ್ಲಿ ಐನುಗಳನ್ನು ಅನಾಗರಿಕರೆಂದು ಮತ್ತೆ ಮತ್ತೆ ಕರೆದಿರುವಳು. ಜಪಾನೀಯರ ಆಕಾರವನ್ನು ಕುರಿತು ಕಟುವಾಗಿ ಬರೆದಿರುವಳು. ತನ್ನ ಕಾಲದ ಆಂಗ್ಲೇಯರ ಅಹಂಭಾವವನ್ನು ಆಕೆ ಯೊಕೊಹಾಮದಲ್ಲಿ ಬಿಟ್ಟುಬರಲಿಲ್ಲ. 110 ಪೌಂಡಿನ ಲೆಕ್ಕದಲ್ಲಿ ಸೇರದ ಸಾಮಾನು ಅದು.

ಇದಕ್ಕಿಂತಲೂ ಯೋಚಿಸತಕ್ಕ ವಿಷಯವೊಂದುಂಟು. ಆಕೆ ಅಸ್ವಸ್ಥಳಾದ ಐನು ಹೆಂಗಸೊಬ್ಬಳಿಗೆ ಔಷಧಿಯನ್ನು ಕೊಟ್ಟು ಉಪಚರಿಸಿದಳು. ಆ ಜನರು ನಂಬಿಕೆಯಿಂದ ತಮ್ಮ ಆಚಾರ, ದೇವತೆಗಳು, ಮದುವೆ, ಮರಣಕರ್ಮ ಎಲ್ಲವನ್ನೂ ತಿಳಿಸಿದರು. ಒಂದೇ ಬೇಡಿಕೆ: ಇವನ್ನು ತಾವು ಹೇಳಿದೆವೆಂದು ಜಪಾನಿನ ಸರ್ಕಾರಕ್ಕೆ ತಿಳಿಯಬಾರದು, ತಿಳಿದರೆ ತಮಗೆ ಕೇಡಾದೀತು. ಆದರೂ ಎಲ್ಲವೂ 1880ರಲ್ಲಿ ಲಂಡನ್ ನಗರದಲ್ಲಿ ಅಚ್ಚಾಯಿತು. ಇದು ನಂಬಿಕೆಗೆ ಎರಡೆಣಿಸಿದಂತಾಯಿತಲ್ಲವೆ ಎಂಬ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಇನ್ನೊಂದು ಕಡೆಯಿಂದ ನೋಡಿದರೆ, ಆ ಜನರ ಭಯವು ಸುಳ್ಳಾಗಿರಲಿಲ್ಲ. 1899ರ ಶಾಸನವು ರಕ್ಷಣೆಯ ಹೆಸರಿನಲ್ಲಿ ಅವರನ್ನು ಬೇಸಾಯಗಾರರನ್ನಾಗಿ, ಜಪಾನೀಯರನ್ನಾಗಿ ಮಾರ್ಪಡಿಸಲು ಹೊರಟಿತು. ಅವರ ಭಾಷೆ, ಪದ್ಧತಿಗಳು ಬಹುಮಟ್ಟಿಗೆ ನಶಿಸಿದುವು. ಆ ಶಾಸನವು ರದ್ದಾದುದು 1997ರಲ್ಲಿ. ಐನುಗಳು ಮೂಲನಿವಾಸಿಗಳೆಂದು ಶಾಸನವೇ ಒಪ್ಪಿಕೊಂಡುದು 2019ರಲ್ಲಿ. ಈ ನಡುವೆ ನಶಿಸಿಹೋದುದರ ಒಂದು ಪಾಲು ಬರ್ಡಳ ಪುಟಗಳಲ್ಲಿ ಉಳಿದಿದೆ. ಕೊಟ್ಟವರಿಗೆ ಅದರಿಂದ ಉಪಕಾರವಾಯಿತೆ, ಅಪಕಾರವಾಯಿತೆ? ಏನೇ ಆಗಲಿ, ಉಪಕಾರವು ಮಾತು ತಪ್ಪಿದುದಕ್ಕೆ ಸಮಾಧಾನವಾಗದು. ಜನ ಮುಟ್ಟದ ಊರಿಗೆ ಒಬ್ಬಂಟಿಯಾಗಿ ಹೋಗುವವನ ಮೇಲೆ ಗುಂಪಿನವನಿಗಿಲ್ಲದ ಹೊಣೆಯೊಂದು ಬೀಳುತ್ತದೆ. ಅವನಿಗೆ ಮನೆಯ ಒಳಬಾಗಿಲು ತೆರೆಯುತ್ತದೆ, ಆದುದರಿಂದ ಒಳಮನೆಯ ಮಾತನ್ನು ಕಾಪಾಡುವ ಭಾರವೂ ಅವನದೇ.

ಬರ್ಡಳು ಮುಂದೆಯೂ ಬಹುವಾಗಿ ಸಂಚರಿಸಿದಳು. 1881ರಲ್ಲಿ ವೈದ್ಯನಾದ ಜಾನ್ ಬಿಷಪನನ್ನು ಮದುವೆಯಾದಳು. ಐದು ವರ್ಷಗಳಲ್ಲಿ ಅವನು ತೀರಿಕೊಂಡನು. 1889ರಲ್ಲಿ ಭಾರತಕ್ಕೆ ಬಂದು ಕಾಶ್ಮೀರ, ಲಡಾಖುಗಳಲ್ಲಿ ತಿರುಗಿ, ಗಂಡನ ನೆನಪಿಗೆ ಶ್ರೀನಗರದಲ್ಲಿಯೂ, ತಂಗಿಯ ನೆನಪಿಗೆ ಅಮೃತಸರದಲ್ಲಿಯೂ ಆಸ್ಪತ್ರೆಗಳ ಸ್ಥಾಪನೆಗೆ ಕಾರಣಳಾದಳು. 1892ರಲ್ಲಿ ಲಂಡನ್ನಿನ ರಾಜಮಾನ್ಯ ಭೂಗೋಳ ಸಂಘವು ಮೊದಲ ಬಾರಿಗೆ ಹೆಂಗಸರನ್ನು ಸದಸ್ಯರಾಗಿ ಸೇರಿಸಿಕೊಂಡಾಗ ಅವರಲ್ಲಿ ಆಕೆಯೂ ಒಬ್ಬಳು. 1904ರಲ್ಲಿ ಎಡಿನ್‌ಬರೊ ನಗರದಲ್ಲಿ ಮಡಿದಳು. ಇಟೊ ಯೊಕೊಹಾಮದ ಮಾರ್ಗದರ್ಶಕರಲ್ಲಿ ಹೆಸರಾಂತವನಾದನು.

ಕಡೆಯದಾಗಿ, ಒಂಟಿ ಪ್ರವಾಸವೆಂಬ ಮಾತನ್ನೇ ವಿಚಾರಿಸೋಣ. ಬರ್ಡಳು ನಿಜವಾಗಿ ಒಂಟಿಯಾಗಿದ್ದಳೆ? ಇಟೊ ಇಲ್ಲದಿದ್ದರೆ ಆಕೆ ಮೂಕಳು. ಪಟ್ಟಿಯನ್ನು ಹುಡುಕಿ ತಂದ ಆಳು, ಗಾಳಿ ಹಾಕಿದ ಹೆಂಗಸರು, ಒಲೆಯ ಬಳಿ ಜಾಗ ಬಿಟ್ಟ ಪೆನ್ರಿಯ ಮನೆಯವರು - ಇವರಿಲ್ಲದಿದ್ದರೆ 1200 ಮೈಲಿಯ ಮಾತು ಹಾಗಿರಲಿ, ಹನ್ನೆರಡು ಮೈಲಿಯೂ ಸಾಗುತ್ತಿರಲಿಲ್ಲ. ಗುಂಪಿನಲ್ಲಿ ಹೋಗುವವನು ತನ್ನ ಊರನ್ನೇ ಸುತ್ತ ಕಟ್ಟಿಕೊಂಡು ಹೋಗುತ್ತಾನೆ. ಪರವೂರಿನ ಹಂಗು ಅವನಿಗೆ ಬೇಕಾಗುವುದಿಲ್ಲ. ಜೊತೆಯಿಲ್ಲದೆ ಹೋದವನಿಗೆ ಹೋದ ಊರೇ ಜೊತೆ.

ಆಕೆಗೆ ಇನ್ನೂ ಒಬ್ಬ ಜೊತೆಗಾತಿ ಇದ್ದಳು. ಆ ಗ್ರಂಥವು ಬಹುಮಟ್ಟಿಗೆ ಪತ್ರಗಳ ಸಂಗ್ರಹ. ಪತ್ರಗಳು ಸ್ಕಾಟ್ಲೆಂಡಿನಲ್ಲಿದ್ದ ತಂಗಿ ಹೆನ್ರಿಯೆಟ್ಟಳಿಗೆ ಬರೆದವು. ಚಿಗಟದ ಕೋಣೆಗಳಲ್ಲಿ, ಮಳೆಯ ರಾತ್ರಿಗಳಲ್ಲಿ, ಮನೆಯಲ್ಲಿ ಕುಳಿತ ಆ ಒಬ್ಬಳು ಓದುವಳೆಂದೇ ಆಕೆ ಇಷ್ಟನ್ನೂ ನೋಡಿ ನೆನಪಿಟ್ಟು ಬರೆದಳು. ಹಾಳೆಗಳು ಅಚ್ಚಿನಲ್ಲಿದ್ದಾಗಲೇ, 1880ರಲ್ಲಿ, ಹೆನ್ರಿಯೆಟ್ಟ ತೀರಿಕೊಂಡಳು. ಅದನ್ನು ಬರ್ಡಳು ಮುನ್ನುಡಿಯ ಕೊನೆಯಲ್ಲಿ ನಮೂದಿಸಿದ್ದಾಳೆ. ಲೋಕವು ಆ ಗ್ರಂಥವನ್ನು ಕೈಗೆತ್ತಿಕೊಂಡಾಗ ಅದರ ಮೊದಲ ಓದುಗಳು ಬದುಕಿರಲಿಲ್ಲ. ದೂರದ ದಾರಿಯಲ್ಲಿ ನಡೆದವಳ ಒಂಟಿತನವು ಮೊದಲಾದುದು ಆಕೆ ಮನೆಗೆ ಮರಳಿದ ಮೇಲೆ.